ಜೇಬಿಗಿಳಿದ ಕೈಗಳು

ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಆಸ್ಪತ್ರೆಯ ಅಂಗಳದಲ್ಲಿ ಹೆಲಿಕಾಪ್ಟರ್ ಇಳಿಯಲೆಂದು ಬಳಿದ ಬಿಳಿ ಗುರುತೂ ಕಾಣುವುದಿಲ್ಲ. ಹೆರಿಗೆ ಕೋಣೆಯ ಮೂಲೆಯಲ್ಲಿ ಕೆಂಡ್ರಾ ಪೆಟಿಗ್ರೂ ಬಿಸಿ ದೀಪದ ಕೆಳಗಿನ ಪುಟ್ಟ ಹಾಸಿಗೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತಾಳೆ. ಮೈಬಿಸಿ ಆರದಂತೆ ಮಗುವನ್ನು ಸುತ್ತಲು ಪ್ಲಾಸ್ಟಿಕ್ ಚೀಲ, ಕಿತ್ತಳೆ ಹಣ್ಣಿಗೆ ತೊಡಿಸುವಷ್ಟು ಪುಟ್ಟ ಉಣ್ಣೆ ಟೋಪಿ, ಉಸಿರು ಕೊಡುವ ಚಿಕ್ಕ ಮಾಸ್ಕ್ ಎಲ್ಲ ಸಾಲಾಗಿ ಕಾದಿವೆ. ಸುಮಾರು ಮೂರು ತಿಂಗಳು ಮುಂಚೆಯೇ ಹೊರಟುಬಿಟ್ಟ ಕೂಸೊಂದು ಈ ಬೆಳಗಿನಲ್ಲಿ ಹಾರ್ಲೋ ಊರಿಗೆ ಬರುವುದಿದೆ. ಇಂಥ ಹೊತ್ತಿನಲ್ಲಿ ಮೆಂಫಿಸ್‌ನ ದೊಡ್ಡ ಆಸ್ಪತ್ರೆಯಿಂದ ನೆರವಿನ ಕೈಗಳು ಹಾರಿ ಬರುವುದು ವಾಡಿಕೆ. ಇವತ್ತು ಮಂಜು ಕರಗುವವರೆಗೆ ಕಾಯಿರಿ ಎಂದು ಅಲ್ಲಿಂದ ಫೋನು ಬಂದಿದೆ. ಆ ಮಾತನ್ನು ಕೂಸಿಗೆ ತಿಳಿಸುವವರು ಯಾರು?

ಕೆಂಡ್ರಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಇವತ್ತು ಸಂಜೆ ಐದರೊಳಗೆ ಅವಳು ಮುಂದಿನ ಓದಿಗೆ ಎರಡು ಕಾಲೇಜುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಮಿಸಿಸಿಪಿ ಡೆಲ್ಟಾದ ಈ ಊರಿನ ಎಳೆಗೂಸುಗಳ ವಾರ್ಡಿನಲ್ಲಿ ಕೆಂಡ್ರಾ ಹನ್ನೊಂದು ವರ್ಷದಿಂದ ನರ್ಸ್. ಕೂಸುಗಳನ್ನು ಬೆಚ್ಚಗಿಡುವ ಎಂಟು ಗಾಜಿನ ಪೆಟ್ಟಿಗೆಗಳು, ಒಂದು ಪಾಳಿಗೆ ಹನ್ನೆರಡು ಗಂಟೆ, ಊಟಕ್ಕೆ ಸಿಕ್ಕಷ್ಟು ಹೊತ್ತು. 'ಇವತ್ತು ಕೆಲಸ ಕಡಿಮೆ' ಎನ್ನುವ ಮಾತು ಇಲ್ಲಿ ನಿಷಿದ್ಧ. ಹೊಸದಾಗಿ ಬಂದ ಗುಮಾಸ್ತನೊಬ್ಬ ಒಮ್ಮೆ ಅಂದುಬಿಟ್ಟ. ಮರುಗಳಿಗೆಯೇ ಅವಳಿ ಮಕ್ಕಳು ಬಂದವು, ಅವನಿಗೆ ತಿಂಗಳುಗಟ್ಟಲೆ ಯಾರೂ ಕಾಫಿ ಕೊಡಲಿಲ್ಲ.

ಈ ವಾರ್ಡನ್ನು ಹೊತ್ತು ನಿಂತಿರುವವರು ಮಿಸ್ ಅರ್ನೆಸ್ಟೀನ್ ವಾಡ್ಲಿ. ಎಳೆಗೂಸುಗಳ ನರ್ಸ್ ಪ್ರಾಕ್ಟಿಷನರ್, ಅಂದರೆ ನರ್ಸಿಗಿಂತ ಒಂದು ಮೆಟ್ಟಿಲು ಮೇಲೆ, ವೈದ್ಯರ ಪಕ್ಕದ ಮೆಟ್ಟಿಲಲ್ಲಿ ನಿಂತವರು. ಗಂಟಲಿಗೆ ನಳಿಕೆ ಇಳಿಸುವುದು, ಮದ್ದು ಬರೆಯುವುದು ಅವರ ಕೆಲಸ. ಮಕ್ಕಳ ವೈದ್ಯರು ವಾರಕ್ಕೆರಡು ದಿನ ಬೇರೆ ಊರಿನಿಂದ ಬರುತ್ತಾರೆ, ಉಳಿದ ದಿನ ಇವರೇ ಎಲ್ಲ. ವಯಸ್ಸು ಅರವತ್ತೆಂಟು, ಮಂಡಿಗಳು ರಾಜೀನಾಮೆ ಕೊಟ್ಟಾಗಿದೆ. ಅವರ ಜಾಗಕ್ಕೆ ಮೂರು ವರ್ಷದೊಳಗೆ ಯಾರೂ ಸಿಗದಿದ್ದರೆ ಇಷ್ಟು ಸಣ್ಣ ಮಕ್ಕಳನ್ನು ಇಲ್ಲಿ ಇಟ್ಟುಕೊಳ್ಳುವುದು ನಿಲ್ಲುತ್ತದೆ. ಆಮೇಲೆ ಹೆಲಿಕಾಪ್ಟರೇ ಗತಿ, ಮಂಜು ಬಿದ್ದ ದಿನ ದೇವರೇ ಗತಿ.

ನರ್ಸ್ ಪ್ರಾಕ್ಟಿಷನರ್ ಆಗುವ ಓದು ಈಗ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಆಗುತ್ತದೆ. ಮೊದಲು ಕೆಂಡ್ರಾ ಹಾಗೆಂದೇ ನಂಬಿದ್ದಳು. ಚೆನ್ನಾಗಿ ಓದಿದರೆ ಸಾಕು, ಉಳಿದದ್ದು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು. ಗಂಡ ಓಟಿಸ್ ನದಿಯಲ್ಲಿ ಜೋಳ ತುಂಬಿದ ದೋಣಿಗಳನ್ನು ತಳ್ಳುವ ಹಡಗಿನವನು, ತಿಂಗಳು ನೀರಿನಲ್ಲಿ, ತಿಂಗಳು ಮನೆಯಲ್ಲಿ. ಇಬ್ಬರು ಹೆಣ್ಣುಮಕ್ಕಳು. ಮನೆ ಬಿಡದೆ ಓದಬಹುದೆಂದರೆ ಇನ್ನೇನು ಬೇಕು? ಆದರೆ ಪಾಠ ಮಾತ್ರ ಪರದೆಯ ಮೇಲೆ. ಕೈ ಪಳಗಬೇಕಾದದ್ದು ಮಕ್ಕಳ ಮೈಮೇಲೆ, ಪಕ್ಕದಲ್ಲಿ ನಿಂತು ಕಲಿಸುವವರೊಬ್ಬರ ಕಣ್ಣೆದುರು, ನೂರಾರು ಗಂಟೆ. ಅವಳ ರಾಜ್ಯದವರನ್ನು ಸೇರಿಸಿಕೊಳ್ಳುವ, ಮಾನ್ಯತೆಯಿರುವ, ಪರೀಕ್ಷೆಯಲ್ಲಿ ಹೆಚ್ಚು ಜನ ಪಾಸಾಗುವ ಕಾಲೇಜುಗಳನ್ನು ಸೋಸಿ ಸೋಸಿ ಕೊನೆಗೆ ಎರಡು ಉಳಿದವು. ಎರಡೂ ಅವಳಿಗೆ ಸೀಟು ಕೊಟ್ಟಿವೆ. ಮೊದಲನೆಯದು ಕಲಿಸುವವರನ್ನು ತಾನೇ ಹುಡುಕಿಕೊಡುತ್ತದೆ, ಆದರೆ ಮೆಂಫಿಸ್‌ನಲ್ಲಿ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ, ಒಂದು ವರ್ಷ. ಎರಡನೆಯದು, ನಿಮ್ಮ ಗುರುವನ್ನು ನೀವೇ ಕರೆತನ್ನಿ ಎನ್ನುತ್ತದೆ. ಈ ಸೀಮೆಯಲ್ಲಿ ಅಂಥ ಗುರು ಮಿಸ್ ಅರ್ನೆಸ್ಟೀನ್ ಒಬ್ಬರೇ, ಅವರು ಎರಡು ಸಲ ಆಗುವುದಿಲ್ಲ ಎಂದಿದ್ದಾರೆ.

ಕಾರಣವನ್ನು ಅವರು ಮುಚ್ಚಿಡುವವರೂ ಅಲ್ಲ. "ಮೂರು ಜನರನ್ನ ಕೈಯಾರೆ ತಯಾರು ಮಾಡ್ದೆ. ಮೂವರನ್ನೂ ದೊಡ್ಡ ಊರಿಗೆ ಪಾರ್ಸೆಲ್ ಮಾಡ್ದಂಗಾಯ್ತು. ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸ್ತಾರೆ, ಚೆನ್ನಾಗಿರುತ್ತೆ ಕಾರ್ಡು."

ಅವರು ಕಲಿಸುವ ರೀತಿ ಈ ವಾರ್ಡಿನಲ್ಲಿ ಐತಿಹ್ಯ. ಶಿಷ್ಯೆ ಮಗುವನ್ನು ಮುಟ್ಟಿದ ಕೂಡಲೇ ಮಿಸ್ ಅರ್ನೆಸ್ಟೀನ್ ತಮ್ಮ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸುತ್ತಾರೆ. ತುರಿಸಿದರೂ ತೆಗೆಯುವುದಿಲ್ಲ, ಮಗುವಿಗೆ ಅಪಾಯವೆಂದು ಕಂಡರೆ ಮಾತ್ರ ಹೊರಗೆ. ಮೂರನೆಯವಳು ಹೋದ ಮೇಲೆ ಆ ಕೈಗಳು ಜೇಬು ಕಂಡಿಲ್ಲ.

ಮಗು ಬರುತ್ತದೆ. ಅಳುವುದಿಲ್ಲ. ಹೆರಿಗೆ ವೈದ್ಯರು ತಾಯಿಯತ್ತ ಬಾಗಿದ್ದಾರೆ. ಕೆಂಡ್ರಾ ಕೂಸನ್ನು ಚೀಲದೊಳಗೆ ಸೇರಿಸಿ, ಟೋಪಿ ತೊಡಿಸಿ, ತಲೆಯ ಕಡೆಯ ಜಾಗವನ್ನು ಬಿಟ್ಟುಕೊಡಲು ಪಕ್ಕಕ್ಕೆ ಸರಿಯುತ್ತಾಳೆ. ಅದು ಪಕ್ಕದಲ್ಲೇ ನಿಂತಿರುವ ಮಿಸ್ ಅರ್ನೆಸ್ಟೀನ್ ಅವರ ಜಾಗ. ಅವರು ಮುಂದೆ ಬರುವುದಿಲ್ಲ. ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ. ಎರಡೂ ಕೈ ಜೇಬಿಗಿಳಿಯುತ್ತವೆ.

ಯೋಚಿಸಲು ಹೊತ್ತಿಲ್ಲ. ಕೆಂಡ್ರಾ ಮಾಸ್ಕ್ ಹಿಡಿದು ಉಸಿರು ಕೊಡುತ್ತಾಳೆ. ಎದೆ ಏಳುವುದಿಲ್ಲ. ಪರದೆಯಲ್ಲಿ ಗುಂಡಿಗೆ ಬಡಿತದ ಎಣಿಕೆ ಕೆಳಕ್ಕೆ ಜಾರುತ್ತಿದೆ. ಪಕ್ಕದ ನರ್ಸ್ ನಳಿಕೆಯ ಪೊಟ್ಟಣವನ್ನು ಮಿಸ್ ಅರ್ನೆಸ್ಟೀನ್‌ರತ್ತ ಚಾಚುತ್ತಾಳೆ. ಅವರು ನೋಡುವುದೂ ಇಲ್ಲ, ಜೇಬಿನೊಳಗೆ ಮುಷ್ಟಿ ಬಿಗಿಯುವುದು ಮಾತ್ರ ಬಟ್ಟೆಯ ಮೇಲಿಂದ ಕಾಣುತ್ತದೆ.

"ಪರದೆ ಏನು ನೋಡ್ತೀಯಾ ಮಗಳೇ," ಎನ್ನುತ್ತಾರೆ, ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ. "ಎದೆ ನೋಡು."

ಕೆಂಡ್ರಾ ಮಾಸ್ಕ್ ತೆಗೆದು ಮತ್ತೆ ಕೂರಿಸುತ್ತಾಳೆ. ತಲೆಯನ್ನು ತುಸು ಹಿಂದಕ್ಕೆ ವಾಲಿಸುತ್ತಾಳೆ, ಬಾಯನ್ನು ಬೆರಳಿನಿಂದ ಸ್ವಲ್ಪ ತೆರೆಯುತ್ತಾಳೆ. ಇನ್ನೊಂದು ಉಸಿರು. ಹಕ್ಕಿಮರಿಯಂಥ ಎದೆ ಏಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಎಣಿಕೆ ನಿಂತು, ಯೋಚಿಸಿ, ಮೇಲೆ ಹತ್ತುತ್ತದೆ. ಆಮೇಲೆ ಬೆಕ್ಕಿನ ಮರಿಯೊಂದು ಬಾಗಿಲ ಹಿಂದೆ ಸಿಕ್ಕಿಕೊಂಡಂಥ ಸದ್ದು. ಕೋಣೆಯಲ್ಲಿದ್ದವರಿಗೆಲ್ಲ ಉಸಿರು ಬಿಡಲು ನೆನಪಾಗುತ್ತದೆ.

ಮಂಜು ಕರಗಿದ ಮೇಲೆ ಮೆಂಫಿಸ್‌ನವರು ಫೋನು ಮಾಡಿ ಈಗ ಬರಬೇಕೇ ಎಂದು ಕೇಳುತ್ತಾರೆ. ಬೇಡ, ಮಗು ಇಲ್ಲೇ ಇರುತ್ತದೆ ಎಂದು ಕೆಂಡ್ರಾ ಹೇಳುತ್ತಾಳೆ. ಹೇಳುವಾಗ ದನಿ ಸ್ವಲ್ಪ ಗಟ್ಟಿಯಾಗಿಯೇ ಬರುತ್ತದೆ.

ನರ್ಸ್‌ಗಳ ಕೋಣೆಯಲ್ಲಿ ಮಾಂಸ ತುಂಬಿದ ಮೆತ್ತನೆಯ ಬನ್ನಿನಂಥ, ತಣ್ಣಗಾದ ಸಾಸೇಜ್ ಬಿಸ್ಕೆಟ್ಟಿನ ಮುಂದೆ ಇಬ್ಬರೂ ಕೂರುತ್ತಾರೆ. ಮಿಸ್ ಅರ್ನೆಸ್ಟೀನ್ ಮಂಡಿ ನೀವಿಕೊಳ್ಳುತ್ತಾ ಯಾವುದನ್ನು ಆರಿಸಿದೆ ಎಂದು ಕೇಳುತ್ತಾರೆ.

"ನಿಮ್ಮ ರುಜು ಬೇಕಿರೋದನ್ನ," ಎನ್ನುತ್ತಾಳೆ ಕೆಂಡ್ರಾ. "ನೀವು ಹಾಕ್ದೆ ಇದ್ರೆ ಮೆಂಫಿಸ್‌ದು."

"ಕಲಿತಾದ್ಮೇಲೆ ಇಲ್ಲೇ ಇರ್ತೀನಿ ಅಂತ ಮಾತು ಕೊಡ್ತೀಯಾ?"

ಕೆಂಡ್ರಾ ಸುಳ್ಳು ಹೇಳಬಹುದಿತ್ತು. ಅದಕ್ಕಿಂತ ಸುಲಭದ ಕೆಲಸ ಆ ಹೊತ್ತಿನಲ್ಲಿ ಇನ್ನೊಂದಿರಲಿಲ್ಲ.

"ಇರ್ಬೇಕು ಅಂತಾನೇ ಆಸೆ, ಮಿಸ್ ಅರ್ನೆಸ್ಟೀನ್. ಆದ್ರೆ ಮಾತು ಕೊಡಲ್ಲ. ನನ್ ಗಂಡ ನೀರಿನ ಮೇಲಿರೋನು, ನಾಳೆ ಎಲ್ಲಿ ದಡ ಸೇರ್ತೀವೋ ನಂಗೊತ್ತಿಲ್ಲ."

ಮಿಸ್ ಅರ್ನೆಸ್ಟೀನ್ ಬಿಸ್ಕೆಟ್ಟಿನ ಒಂದು ಚೂರು ಮುರಿದು, ಅಗಿದು, ನಿಧಾನಕ್ಕೆ ನುಂಗುತ್ತಾರೆ.

"ಆ ಮೂವರೂ ಬೈಬಲ್ ಮುಟ್ಟಿ ಆಣೆ ಮಾಡಿದ್ರು," ಎನ್ನುತ್ತಾರೆ. "ತಾ ಇಲ್ಲಿ ನಿನ್ ಫೋನು. ರುಜು ಹಾಕೋಕೆ ಎಲ್ಲಿ ಒತ್ಬೇಕು ತೋರ್ಸು."

ಸಂಜೆಗೆ ಇನ್ನೂ ತುಂಬ ಹೊತ್ತಿರುವಾಗಲೇ ಸೀಟು ಗಟ್ಟಿಯಾಗುತ್ತದೆ. ಮುಂದಿನ ವರ್ಷಗಳು ಹೇಗೋ ಏನೋ. ಪಾಳಿ, ಪಾಠ, ಇಬ್ಬರು ಮಕ್ಕಳ ಶಾಲೆ, ನದಿಯಿಂದ ತಿಂಗಳು ಬಿಟ್ಟು ತಿಂಗಳು ಬರುವ ಗಂಡ. ಇಷ್ಟೆಲ್ಲ ಕಷ್ಟಪಟ್ಟು ಏನಾಗಬೇಕೆಂದಿದ್ದೀಯ ಎಂದು ಯಾರಾದರೂ ಕೇಳಿದರೆ ಕೆಂಡ್ರಾ ಗಾಜಿನ ಪೆಟ್ಟಿಗೆಯತ್ತ ನೋಡುತ್ತಾಳೆ. ಒಳಗೆ ಕಿತ್ತಳೆ ಹಣ್ಣಿನಷ್ಟು ಟೋಪಿಯ ಕೂಸು ತನ್ನ ಪಾಡಿಗೆ ಎದೆ ಏಳಿಸಿ ಇಳಿಸುತ್ತಿದೆ.

"ಅಂಥದ್ದೇನಿಲ್ಲ," ಎನ್ನುತ್ತಾಳೆ. "ಯಾವತ್ತೋ ಒಂದಿನ, ಇಂಥದ್ದೇ ಮಂಜಿನ ಬೆಳಗ್ಗೆ, ಇನ್ಯಾರೋ ಹುಡುಗಿ ಮಾಸ್ಕ್ ಹಿಡಿದಿರ್ಬೇಕು. ನಾನು ಒಂದ್ ಹೆಜ್ಜೆ ಹಿಂದೆ ನಿಂತು ಕೈ ಜೇಬಲ್ಲಿ ಇಟ್ಕೊಂಡಿರ್ಬೇಕು. ಅಷ್ಟು ಧೈರ್ಯ ಬಂದ್ರೆ ಸಾಕು."