ಎರಡು ಕೊರಳಿಗೆ ಒಂದು ಶಾಲು: ಪಾರ್ವತೀಬಾಯಿ ಆಳಂದಕರ ಅವರ ‘ಜೋಳಿಗೆ’ಯ ದಿನಗಳು

ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಹುಲ್ಲು ಹೊದಿಸಿ ಮುಚ್ಚಿಟ್ಟ ಕೋಣೆಯ ಬಾಗಿಲನ್ನು ಬೆಳಗಿನ ಹೊತ್ತು ತೆರೆದಾಗ ಒಂದು ವಾಸನೆ ಬರುತ್ತದೆ. ಒಣಹುಲ್ಲಿನ ಬಿಸುಪು, ಜೇನಿನಂಥ ಸಿಹಿ, ಅದರೊಳಗೆ ತುಸುವೇ ಹೊಗೆ. ಪಾರ್ವತೀಬಾಯಿ ಆಳಂದಕರ ಅವರ ಬಾಲ್ಯದ ಮೊದಲ ನೆನಪು ಅದು. ತಂದೆ ಆ ಊರಿನ ಪೋಸ್ಟ್ ಮಾಸ್ತರರು. ಬಾಡಿಗೆ ಮನೆಯ ಗೋಡೆಗೆ ಹೊಂದಿಕೊಂಡೇ ಬಾಳೆ ಹಣ್ಣಾಗುವ ಕೋಣೆ. ಬಾಗಿಲು ತೆರೆದ ದಿನ ಮಾಲೀಕರು ಪೇಟೆಗೆ ಗಾಡಿ ಹೂಡುವ ಮುನ್ನ ಓಣಿಯ ಮಕ್ಕಳಿಗೆಲ್ಲ ಒಂದೊಂದು ಹಣ್ಣು ಹಂಚುತ್ತಿದ್ದರು. ನೀನು ಯಾರ ಮಗು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ದಾನವೆಂದರೇನು ಎಂಬ ಚರ್ಚೆ ಎದ್ದಾಗಲೆಲ್ಲ ಪಾರ್ವತೀಬಾಯಿಯವರು ಈ ಕೋಣೆಯ ಕಥೆ ಹೇಳಿ ಮಾತು ಮುಗಿಸುತ್ತಿದ್ದರು.

ನಮ್ಮ ಭಾಗದಲ್ಲಿ ಊರವರ ಕೊಡುಗೆಯನ್ನು ಊರವರ ಕಲೆಗೆ, ಕಲಿಕೆಗೆ, ಕಷ್ಟಕ್ಕೆ ಮುಟ್ಟಿಸುವ ಕೆಲಸವನ್ನು ಇಷ್ಟು ದೀರ್ಘಕಾಲ, ಇಷ್ಟು ಸದ್ದಿಲ್ಲದೆ ಮಾಡಿದವರು ವಿರಳ. ‘ಜೋಳಿಗೆ’ ಸಮುದಾಯ ಪ್ರತಿಷ್ಠಾನವು ೧೯೮೪ರಲ್ಲಿ ಕಲಬುರ್ಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಆರಂಭವಾದಾಗ ಅವರು ಹೆಣ್ಣುಮಕ್ಕಳ ಶಾಲೆಯೊಂದರ ಇತಿಹಾಸದ ಶಿಕ್ಷಕಿ. ಅಂಗಡಿಯ ಒಡೆಯರಾದ ಗುಂಡಣ್ಣನವರು ಅಧ್ಯಕ್ಷರು. ಕಾರ್ಯದರ್ಶಿಯಾಗಲು ಯಾರೂ ಒಪ್ಪದಿದ್ದುದರಿಂದ ಪಾರ್ವತೀಬಾಯಿಯವರು ಒಪ್ಪಿದರು. ಇದೀಗ, ೨೦೦೬ರಲ್ಲಿ, ಆ ಹೊಣೆಯಿಂದ ಬಿಡುಗಡೆ ಪಡೆಯುತ್ತಿದ್ದಾರೆ.

ಜೋಳಿಗೆಯ ನಡಾವಳಿ ಸರಳವಾದುದು. ವ್ಯಾಪಾರಿ ಕೊಟ್ಟ ಹಣವಿರಲಿ, ಬೆಳೆಗಾರರು ಕೊಟ್ಟ ಬಾಳೆಗೊನೆಯಿರಲಿ, ಎಲ್ಲವೂ ಒಂದೇ ನಿಧಿಗೆ ಸೇರುತ್ತಿತ್ತು. ಕೊಟ್ಟವರು ‘ನನ್ನದು ಯಾರಿಗೆ ಹೋಯಿತು’ ಎಂದು ಕೇಳುವಂತಿರಲಿಲ್ಲ. ವಿದ್ಯಾರ್ಥಿವೇತನ ಬೇಡಿ ಬಂದ ಮಕ್ಕಳನ್ನು ಸಮಿತಿಯವರು ಮೇಜಿನ ಆಚೆ ಕುಳಿತು ಮಾತನಾಡಿಸುವಾಗ ಪಾರ್ವತೀಬಾಯಿಯವರು ಮಾತ್ರ ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ, ಆ ಮಗುವಿನ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಶರಣಸಿರಸಗಿಯಿಂದ ನಡೆದು ಬಂದವರು, ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದವರು ಹಸಿದೇ ಬಂದಿರುತ್ತಾರೆಂದು ಮಾಳಿಗೆಯ ಮೂಲೆಯಲ್ಲಿ ಒಂದು ಡಬರಿ ಮಂಡಕ್ಕಿಯ ಸುಸಲಾ ಸಿದ್ಧವಿರುತ್ತಿತ್ತು. ‘ಬಾಯಾರ, ಇದು ಪ್ರತಿಷ್ಠಾನನೋ ಖಾನಾವಳಿನೋ?’ ಎಂದು ಗುಂಡಣ್ಣನವರು ಚುಡಾಯಿಸುತ್ತಿದ್ದರು. ಮೊದಲ ತಟ್ಟೆ ಅವರದೇ ಆಗಿರುತ್ತಿತ್ತು.

ಇಂಥ ಸಂಸ್ಥೆಯಿಂದಲೂ ಒಮ್ಮೆ ಒಂದು ದೊಡ್ಡ ತಪ್ಪು ನಡೆದುಹೋಯಿತು. ಪಾರ್ವತೀಬಾಯಿಯವರನ್ನು ಅರಿಯಬೇಕಾದರೆ ಆ ತಪ್ಪಿನ ಕಥೆಯನ್ನೇ ಹೇಳಬೇಕು.

ಕಮಲಾಪುರದಲ್ಲಿ ಮೊಹರಂ ದಿನಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ, ಹುತಾತ್ಮರ ಶೋಕದ ಕಥೆ ಹೇಳುವ ರಿವಾಯತ್ ಪದ ಹಾಡುವ ಜೋಡಿಯೊಂದಿತ್ತು. ಖಮರುದ್ದೀನ್ ಸಾಹೇಬರು ಗಾರೆ ಕೆಲಸದವರು, ದೌಲಪ್ಪನವರು ಬಾಳೆತೋಟದ ಕೂಲಿಯವರು. ಒಬ್ಬರು ಪದದ ಅರ್ಧ ಸಾಲನ್ನು ಪ್ರಶ್ನೆಯಂತೆ ಎತ್ತಿದರೆ ಇನ್ನೊಬ್ಬರು ಉಳಿದ ಅರ್ಧವನ್ನು ಉತ್ತರವಾಗಿ ಕೂಡಿಸುವರು. ಹದಿಹರೆಯದಿಂದ ಅವರು ಹಾಗೆಯೇ ಹಾಡಿಕೊಂಡು ಬಂದವರು. ೧೯೯೪ರ ಜನವರಿಯಲ್ಲಿ ಜೋಳಿಗೆಯು ವರ್ಷಕ್ಕೊಬ್ಬ ಜಾನಪದ ಕಲಾವಿದರನ್ನು ಸನ್ಮಾನಿಸಲು ನಿರ್ಧರಿಸಿತು. ಸಮಿತಿಯವರೆಲ್ಲ ನಗರದ ಕಛೇರಿಗಳನ್ನು ಕೇಳಿದವರು. ಹಾಡುವವರು ಒಬ್ಬರು, ಉಳಿದವರು ಪಕ್ಕವಾದ್ಯ ಎಂಬುದೇ ಅವರ ತಿಳಿವಳಿಕೆ. ಮೊದಲು ಎತ್ತುವವರು ಖಮರುದ್ದೀನರಾದ್ದರಿಂದ ಶಾಲು ಅವರ ಹೆಗಲಿಗೆ ಬಿತ್ತು. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ದೌಲಪ್ಪನವರು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿ, ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದರು.

ಆ ವರ್ಷದ ಮೊಹರಮ್ಮಿನಲ್ಲಿ ಕಮಲಾಪುರದ ಕುಣಿಯ ಮುಂದೆ ಹಲಗೆ ಬಡಿಯಿತು, ಹೆಜ್ಜೆ ಬಿತ್ತು, ಪದ ಮಾತ್ರ ಏಳಲಿಲ್ಲ. ಇದನ್ನು ಪಾರ್ವತೀಬಾಯಿಯವರಿಗೆ ಮುಟ್ಟಿಸಿದವರು ದೌಲಪ್ಪನವರ ಹೆಂಡತಿ ಬಂಡೆಮ್ಮ. ಅವರು ಸೂಪರ್ ಮಾರ್ಕೆಟ್ಟಿನಲ್ಲಿ ಬುಟ್ಟಿಯಿಟ್ಟು ಕೆಂಪು ಬಾಳೆ ಮಾರುತ್ತಿದ್ದರು. ಹಣ್ಣು ಕೊಳ್ಳಲು ಬಗ್ಗಿದ ಪಾರ್ವತೀಬಾಯಿಯವರಿಗೆ ತಲೆಯೆತ್ತದೆಯೇ ಹೇಳಿದರು:

‘ನಿಮ್ಮ ಶಾಲು ನಮ್ಮೂರ ಪದ ನುಂಗ್ತು ನೋಡ್ರಿ ಬಾಯಾರ.’

ಪಾರ್ವತೀಬಾಯಿಯವರು ಬುಟ್ಟಿಯ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಮಾಳಿಗೆಗೆ ಬಂದು ವಿಷಯ ಹೇಳಿದಾಗ ಗುಂಡಣ್ಣನವರು ನಕ್ಕರು. ‘ನನ್ನ ಅಂಗಡ್ಯಾಗ ಶಾಲಿಗೇನು ಬರ ಬಿದ್ದದೇನ್ರಿ? ಇನ್ನೊಂದು ಒಯ್ರಿ, ಮುಗೀತು.’

ಮುಗಿಯಲಿಲ್ಲ. ಮುಂದಿನ ಭಾನುವಾರ ಕಮಲಾಪುರಕ್ಕೆ ಒಯ್ದ ಶಾಲನ್ನು ದೌಲಪ್ಪನವರು ಮುಟ್ಟಲೂ ಇಲ್ಲ.

‘ಬ್ಯಾಡ್ರಿ ಬಾಯಾರ. ನಮ್ಮೂರಾಗ ಅಷ್ಟು ಥಂಡಿ ಇರಂಗಿಲ್ಲ.’

ಖಮರುದ್ದೀನರ ಮನೆಯಲ್ಲಿ ಮೊದಲ ಶಾಲು ಗೂಟಕ್ಕೆ ತೂಗುತ್ತಿತ್ತು; ಮಡಿಕೆಯೂ ಬಿಚ್ಚಿರಲಿಲ್ಲ. ‘ನೀವಾದರೂ ಹಾಡಬಹುದಿತ್ತಲ್ಲ’ ಎಂದದ್ದಕ್ಕೆ ಅವರು ಕೈಯಲ್ಲಿದ್ದ ಕರಣೆಯನ್ನು ಕೆಳಗಿಟ್ಟರು. ‘ನಾ ಕೇಳಿದ್ದಕ್ಕ ಜವಾಬು ಕೊಡಾಂವ ಅವ. ಅವ ಇಲ್ಲಂದ್ರ ನಾ ಏನು ಗ್ವಾಡಿಗಿ ಕೇಳಲೇನ್ರಿ? ಕಟ್ಟಿದ್ದು ನಾನೇ ಇರಬಹುದು, ಗ್ವಾಡಿ ಜವಾಬು ಕೊಡಂಗಿಲ್ಲ.’

ಹಾಗಾದರೆ ಹೋಗಿ ಕರೆಯಿರಿ ಎಂದರೆ, ‘ಶಾಲು ಹೊತ್ತಾಂವ ಹೋಗಿ ಹ್ಯಾಂಗ ಕರೀಬೇಕ್ರಿ?’ ಎಂದರು. ಅತ್ತ ದೌಲಪ್ಪನವರು, ‘ಕರೀದೇ ನಾ ಹ್ಯಾಂಗ ಹೋಗಬೇಕ್ರಿ?’ ಎಂದರು. ಈ ಎರಡು ಪ್ರಶ್ನೆಗಳ ನಡುವೆ ಒಂದು ಊರಿನ ಹಾಡು ಸತ್ತುಹೋಗುವುದರಲ್ಲಿತ್ತು. ಆ ಪದಗಳು ಆ ಇಬ್ಬರ ಕೊರಳಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಪಾರ್ವತೀಬಾಯಿಯವರು ಸಂಧಾನದ ಗೋಜಿಗೆ ಹೋಗಲಿಲ್ಲ. ಮಕ್ಕಳಿಗೆ ಪದ ಕಲಿಸುವವರಿಗೆ ಜೋಳಿಗೆಯಿಂದ ಗೌರವಧನ, ಕಲಿಯುವ ಮಕ್ಕಳಿಗೆ ಶಾಲೆಯ ಪುಸ್ತಕದ ಖರ್ಚು ಎಂಬ ಹೊಸ ಯೋಜನೆಯನ್ನು ಸಮಿತಿಯ ಮುಂದಿಟ್ಟರು. ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ‘ನಿಮ್ಮ ಓಣಿಯ ಮಕ್ಕಳಿಗೆ ನಿಮ್ಮ ಪಾಲಿನದನ್ನಷ್ಟೇ ಕಲಿಸಿರಿ’ ಎಂದು ಬೇಡಿಕೊಂಡರು. ಮಕ್ಕಳ ಮೇಲೆ ಯಾರಿಗೆ ಮುನಿಸು? ಇಬ್ಬರೂ ಒಪ್ಪಿದರು. ಮಸೀದಿಯ ಓಣಿಯ ಮಕ್ಕಳು ಬರೀ ಪ್ರಶ್ನೆಗಳನ್ನು ಕಲಿತರು. ದೌಲಪ್ಪನವರ ಓಣಿಯ ಮಕ್ಕಳು ಬರೀ ಉತ್ತರಗಳನ್ನು.

ಅರ್ಧ ಸಾಲೆಂಬುದು ಬಾಯಲ್ಲಿ ಸುಮ್ಮನಿರುವ ವಸ್ತುವಲ್ಲ. ಶಾಲೆಯ ನಲ್ಲಿಯ ಬಳಿ ಒಂದು ಹುಡುಗಿ ತಂಬಿಗೆ ತೊಳೆಯುತ್ತ ‘ನೀರಿಗಿ ಹೋದವ ಎಲ್ಲ್ಯಾನ ತಾಯಿ’ ಎಂದು ಗುನುಗಿದರೆ, ಸಾಲಿನ ತುದಿಯಲ್ಲಿ ನಿಂತ ಇನ್ನೊಬ್ಬಳು ತನಗರಿವಿಲ್ಲದೆ ‘ಕುದುರಿ ಒಂದೇ ಬಂತ ಮನಿಗಿ’ ಎಂದು ಮುಗಿಸಿಬಿಡುತ್ತಿದ್ದಳು. ಬೇಸಗೆಯ ರಜೆ ಬರುವ ಹೊತ್ತಿಗೆ ಊರ ಮಕ್ಕಳು ಓಣಿಯಿಂದ ಓಣಿಗೆ ಕೇಳುತ್ತ, ಹೇಳುತ್ತ ಓಡಾಡತೊಡಗಿದರು. ಪ್ರತಿ ಭಾನುವಾರ ಬಸ್ಸಿನಿಂದಿಳಿದು ಇದನ್ನು ಕೇಳಿದ ಪಾರ್ವತೀಬಾಯಿಯವರ ನಡಿಗೆ ಹಗುರವಾಗುತ್ತಿತ್ತು. ಐವತ್ತು ದಾಟಿದವರು ಓಣಿಯಲ್ಲಿ ಓಡಬಾರದೆಂದು ತಮಗೆ ತಾವೇ ಹೇಳಿಕೊಳ್ಳಬೇಕಾಗುತ್ತಿತ್ತಂತೆ.

ಅದೇ ಭಾನುವಾರಗಳ ಇನ್ನೊಂದು ಸಂಗತಿ. ದೌಲಪ್ಪನವರ ಮನೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಚಾಪೆ ಹಾಸಿ, ಬಂಡೆಮ್ಮ ಪ್ರತಿ ಸಲವೂ ಎರಡು ಕೆಂಪು ಬಾಳೆಹಣ್ಣು ತಂದಿಡುತ್ತಿದ್ದರು. ಬೇರೇನನ್ನೂ ಇಡುತ್ತಿರಲಿಲ್ಲ. ಪಾರ್ವತೀಬಾಯಿಯವರಂಥ ಮಡಿಯ ಮನೆತನದವರು ಬಂದಾಗ ಆ ಕಡೆ ಹಾಗೆಯೇ ರೂಢಿ. ಸಿಪ್ಪೆಯಿರುವ ಹಣ್ಣಾದರೆ ತಿನ್ನುವವರಿಗೂ ಇಕ್ಕಟ್ಟಿಲ್ಲ, ಕೊಟ್ಟವರಿಗೂ ಅವಮಾನವಿಲ್ಲ. ಪಾರ್ವತೀಬಾಯಿಯವರು ಒಮ್ಮೆ, ‘ರೊಟ್ಟಿ ಬಡಿಯೂ ಸಪ್ಪಳ ಕೇಳ್ಲಾಕತ್ತದಲ್ಲ, ಬಂಡೆಮ್ಮ’ ಎಂದರು.

‘ಕೇಳ್ರಿ ಬಾಯಾರ. ಕೇಳೂದಕ್ಕೇನೂ ಮೈಲಿಗಿ ಇರಂಗಿಲ್ಲ.’

ಬಾಯಿಬಿಟ್ಟು ಕೇಳಿ ಪಡೆದರೆ ಅದು ತಾನು ಮಾಡಿದ ಉಪಕಾರವಾಗುತ್ತದೆ ಎಂದು ಅರಿತ ಪಾರ್ವತೀಬಾಯಿಯವರು ಹಣ್ಣು ಸುಲಿದು ತಿಂದರು.

೧೯೯೫ರ ಮೊಹರಂ ಬಂತು. ಜೋಳಿಗೆಯ ವಾರ್ಷಿಕ ಸಭೆ ಮೊದಲ ಬಾರಿಗೆ ನಗರ ಬಿಟ್ಟು ಕಮಲಾಪುರದ ಕುಣಿಯ ಬಯಲಿನಲ್ಲಿ ಸೇರಿತು. ವೇದಿಕೆಯಿಲ್ಲ, ಕುರ್ಚಿಯಿಲ್ಲ, ಗುಂಡಣ್ಣನವರೂ ನೆಲದ ಮೇಲೆಯೇ ಕುಳಿತರು. ಸಂಜೆಗೆಂಪಿನಲ್ಲಿ ಮಕ್ಕಳು ಎರಡು ಗುಂಪಾಗಿ ಎದುರುಬದುರು ನಿಂತರು. ಒಂದು ಗುಂಪು ಎತ್ತಿತು, ಇನ್ನೊಂದು ಹಿಡಿಯಿತು. ಆದರೆ ಬೇರೆ ಬೇರೆ ಮನೆಗಳಲ್ಲಿ ಕಲಿತ ಶ್ರುತಿ ಒಂದಕ್ಕೊಂದು ಕೂಡಲೊಲ್ಲದು. ಎರಡನೆಯ ಸಾಲಿಗೇ ಪದ ಚೆಲ್ಲಾಪಿಲ್ಲಿಯಾಯಿತು. ಮಕ್ಕಳು ನಗತೊಡಗಿದರು, ಊರೂ ನಕ್ಕಿತು.

‘ಅರೇ, ಕೆಳಗ ಹಿಡೀರಿ, ಕೆಳಗ!’ ಒಂದು ತುದಿಯಿಂದ ಖಮರುದ್ದೀನರು ಕೂಗಿದರು.

‘ಎತ್ತಿದ್ದೇ ಮ್ಯಾಲ ಅದ, ಕೆಳಗ ಹ್ಯಾಂಗ ಹಿಡೀತಾವ ಹುಡುಗರು?’ ಇನ್ನೊಂದು ತುದಿಯ ಹಿಂದಿನ ಸಾಲಿನಿಂದ ದೌಲಪ್ಪನವರು. ಒಂದೂವರೆ ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

‘ಹಂಗಾರ ನೀ ತೋರಸು.’

‘ನೀ ಮೊದಲ ಎತ್ತು.’

ಪಾರ್ವತೀಬಾಯಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಖಮರುದ್ದೀನರು ಕಣ್ಣು ಮುಚ್ಚಿ ಪ್ರಶ್ನೆಯನ್ನು ಎತ್ತಿದರು. ನೀರಿಗೆ ಹೋದವ ಎಲ್ಲಿದ್ದಾನೆಂಬ ಆ ಕೂಗು ಬಯಲು ದಾಟಿ, ಬಾಳೆಯ ತೋಟ ಮುಟ್ಟಿ, ಉತ್ತರವಿಲ್ಲದೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಮೇಲೆ ಹಿಂದಿನ ಸಾಲಿನಿಂದ ದೌಲಪ್ಪನವರ ಉತ್ತರ ಎದ್ದಿತು. ಹಾಡುತ್ತಲೇ ಅವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅಷ್ಟಾದದ್ದೇ ತಡ, ಹಲಗೆ ಸಿಡಿಯಿತು, ಮಕ್ಕಳು ಎರಡೂ ಕಡೆಯಿಂದ ನುಗ್ಗಿ ಒಂದೇ ಗುಂಪಾದರು, ಊರಿಗೆ ಊರೇ ಕುಣಿಯ ಸುತ್ತ ಹೆಜ್ಜೆ ಹಾಕಿತು. ಗುಂಡಣ್ಣನವರು ಚಪ್ಪಲಿ ಕಳೆದುಕೊಂಡು ಕುಣಿದದ್ದನ್ನು ಕಮಲಾಪುರ ಇವತ್ತಿಗೂ ಮರೆತಿಲ್ಲ.

ಆ ವರ್ಷದಿಂದ ಜೋಳಿಗೆಯು ಯಾವ ಕಲಾವಿದರನ್ನೂ ಒಬ್ಬಂಟಿಯಾಗಿ ಕರೆದಿಲ್ಲ. ಕೂಡಿ ಹಾಡುವವರನ್ನೂ ಮುಂದೆ ಕಲಿಯುವವರನ್ನೂ ಒಟ್ಟಿಗೇ ಕರೆಯುತ್ತದೆ. ಕಲೆಗೆ ಕೊಟ್ಟದ್ದು, ಕಲಿಕೆಗೆ ಕೊಟ್ಟದ್ದು ಬೇರೆಬೇರೆಯಲ್ಲ ಎಂಬ ಈ ನಡಾವಳಿಯೇ ಪಾರ್ವತೀಬಾಯಿಯವರು ನಮಗೆ ಬಿಟ್ಟುಕೊಡುತ್ತಿರುವ ಆಸ್ತಿ. ಮಾಳಿಗೆಯ ಮೆಟ್ಟಿಲುಗಳು ಅವರ ಮೊಣಕಾಲಿಗೆ ಈಗ ಕಷ್ಟವಾಗಿರಬಹುದು. ಭಾನುವಾರದ ಕಮಲಾಪುರದ ಬಸ್ಸು ಮಾತ್ರ ಅವರಿಗಾಗಿ ಇನ್ನೂ ಬಹುಕಾಲ ನಿಲ್ಲಲಿ, ಮೇಜಿನ ಈಚೆಯ ಕುರ್ಚಿ ಅವರದ್ದಾಗಿಯೇ ಇರಲಿ, ನೂರು ವಸಂತಗಳನ್ನು ಅವರು ಮಕ್ಕಳ ನಡುವೆಯೇ ಕಾಣಲಿ ಎಂದು ನಾವೆಲ್ಲ ಮನಸಾರೆ ಹಾರೈಸುತ್ತೇವೆ.

ಆ ಮೊಹರಂ ಸಂಜೆಯದೇ ಒಂದು ಮಾತು ಉಳಿಯಿತು. ಪದ ಮುಗಿದು ಜನ ಚದುರುವಾಗ ಕಲಬುರ್ಗಿಯ ಬಸ್ಸು ಹಾರ್ನ್ ಹಾಕತೊಡಗಿತ್ತು. ಬೆಳಗಿನಿಂದ ಏನೂ ತಿನ್ನದಿದ್ದ ಪಾರ್ವತೀಬಾಯಿಯವರು ಕಿಟಕಿಯ ಪಕ್ಕ ಕುಳಿತಿದ್ದರು. ಬಂಡೆಮ್ಮ ಜನರ ನಡುವಿನಿಂದ ಬಂದರು. ಅಂದು ಅವರ ಕೈಯಲ್ಲಿ ಬಾಳೆಹಣ್ಣು ಇರಲಿಲ್ಲ. ಇನ್ನೂ ಬಿಸಿಯಿದ್ದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಕಟ್ಟಿದ ಬಟ್ಟೆಯ ಗಂಟನ್ನು ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಚಾಚಿ, ಅದು ಪಾರ್ವತೀಬಾಯಿಯವರ ಎರಡೂ ಕೈಗಳಿಗೆ ಸೇರುವವರೆಗೆ ಹಿಡಿದುಕೊಂಡು ನಿಂತರು.