ಖಾಲಾ ಕಲಿಸಿದ ಊರು

ಕಳೆದ ವಾರ ಲಂಡನ್ನಿನ ಕಿಂಗ್ಸ್‌ಬರಿಯ ಅಂಗಡಿಯೊಂದರಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಿದ್ದೆ. ಪಕ್ಕದ ಕಪಾಟಿನಲ್ಲಿ ಒಣಗಿಸಿದ ಕಪ್ಪು ನಿಂಬೆಹಣ್ಣಿನ ಪೊಟ್ಟಣವೊಂದು ಹರಿದಿತ್ತು. ಹುಳಿ, ಹೊಗೆ, ಸ್ವಲ್ಪ ಕಹಿ... ಹಳೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಂಥ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ಸೊಪ್ಪು ಕೈಯಲ್ಲೇ ಉಳಿಯಿತು. ಕ್ರೋಯ್ಡನ್‌ನ ನಮ್ಮ ಹಳೆಯ ಕಟ್ಟಡದಲ್ಲಿ ಲಿಫ್ಟಿನಿಂದ ಹೊರಬಂದ ಕೂಡಲೇ ಬರುತ್ತಿದ್ದ ವಾಸನೆ ಅದು. ಪಕ್ಕದ ಫ್ಲ್ಯಾಟಿನ ಖಾಲಾ ಮಾಂಸದ ಸಾರಿಗೆ ಆ ನಿಂಬೆಯನ್ನು ಇಡಿಯಾಗಿ ಹಾಕುತ್ತಿದ್ದರು. ನಾವು ಸಸ್ಯಾಹಾರಿಗಳೆಂದು ಗೊತ್ತಾದ ಮೇಲೆ ಬೇಳೆಗೂ ಹಾಕಿ ಕಳಿಸುತ್ತಿದ್ದರು.

ಖಾಲಾ ಎಂದರೆ ಅರಬ್ಬಿಯಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ಧಾರವಾಡದ ನಮ್ಮ ಓಣಿಯ ಮುಸ್ಲಿಂ ಮನೆಗಳಲ್ಲೂ ಇದೇ ಶಬ್ದ ಕೇಳಿ ಬೆಳೆದವಳು ನಾನು. ಹಾಗಾಗಿ ಬಾಯಿಗೆ ಸಲೀಸಾಗಿ ಬಂತು. ಅವರು ಅರವತ್ತು ದಾಟಿದ್ದ ವಿಧವೆ, ಮಕ್ಕಳಿಲ್ಲ. ಶನಿವಾರ ಮಕ್ಕಳಿಗೆ ಅರಬ್ಬಿ ಪಾಠ ಹೇಳುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ಏನು ಮಾಯೆಯೋ, ನನ್ನ ನೆನಪಿನಲ್ಲಿ ಅವರು ಧಾರವಾಡದ ಕನ್ನಡವನ್ನೇ ಆಡುತ್ತಾರೆ. ಹಾಗೆಯೇ ಬರೆಯುತ್ತೇನೆ.

ಅವರು ಮೊದಲ ಸಲ ಮನೆಗೆ ಬಂದಾಗಲೇ ಒಂದು ಪ್ರಮಾದ ನಡೆಯಿತು. ದೊಡ್ಡ ಸ್ಟೀಲ್ ಲೋಟದಲ್ಲಿ ಅಂಚಿನ ತನಕ ಫಿಲ್ಟರ್ ಕಾಫಿ ತುಂಬಿ ಕೊಟ್ಟೆ. ಅರ್ಧ ಲೋಟ ಕೊಟ್ಟರೆ ನಮ್ಮಲ್ಲಿ ಅದೇನು ಮರ್ಯಾದೆ? ಖಾಲಾ ಲೋಟ ನೋಡಿದರು, ನನ್ನ ಮುಖ ನೋಡಿದರು, ಗಟಗಟ ಕುಡಿದು ಎದ್ದು ಹೋಗಿಯೇಬಿಟ್ಟರು. ನನ್ನ ಕಾಫಿ ಅಷ್ಟು ಕೆಟ್ಟಿತ್ತೇ ಎಂದು ತಲೆ ಕೆಡಿಸಿಕೊಂಡು, ಮತ್ತೆ ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ. ಅವರ ಊರಿನಲ್ಲಿ ಪುಟ್ಟ ಬಟ್ಟಲಿನ ತಳ ಮುಚ್ಚುವಷ್ಟು ಸುರಿದು, ಮತ್ತೆ ಮತ್ತೆ ಸುರಿಯುವುದು ಮರ್ಯಾದೆಯಂತೆ. ತುಂಬಿ ಕೊಟ್ಟರೆ ಕುಡಿದು ಹೊರಡು ಎಂದರ್ಥವಂತೆ.

"ನೀ ನನ್ನ ಹೊರಗ ಹಾಕಿದಿ ಅಂತ ತಿಳಕೊಂಡೆ ನೋಡು" ಎಂದು ಲಿಫ್ಟಿನ ಗೋಡೆಗೆ ಒರಗಿ ನಕ್ಕರು. ನಮ್ಮ ಸ್ನೇಹ ಅಲ್ಲಿಂದ ಶುರು.

ಕ್ರೋಯ್ಡನ್‌ನಲ್ಲಿ ಟ್ರಾಮ್ ಓಡತೊಡಗಿದ ಹೊಸತು. ನಾನಾಗ ಅಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಡಾಕ್ಟರು. ಅರಬ್ ದೇಶವೊಂದರ ಊರಿನ ಹೆಂಗಸರ ಆಸ್ಪತ್ರೆಗೆ ಕೆಲವು ತಿಂಗಳ ಮಟ್ಟಿಗೆ ಲೇಡಿ ಡಾಕ್ಟರುಗಳು ಬೇಕಿದ್ದರು. ಬಹಳ ಸಂಪ್ರದಾಯಸ್ಥ ಊರು, ಯಾರೂ ಮುಂದೆ ಬರುತ್ತಿರಲಿಲ್ಲ. ನಾನು ಹೋಗುತ್ತೇನೆ ಎಂದೆ. ಮನೆಯಲ್ಲಿ ರಣರಂಪ.

"ಏನ್ ಹುಚ್ಚು ಹಿಡದದ ನಿನಗ? ಅಲ್ಲಿ ಒಬ್ಬಾಕಿ ಹೆಂಗ ಇರ್ತಿ?" ಎಂದರು ನಮ್ಮವರು.

"ಇರ್ತೀನಿ. ಅಷ್ಟರಾಗ ನೀವು ಅನ್ನಾ ಮಾಡ್ಕೊಂಡು ಉಣ್ಣೂದು ಕಲೀರಿ" ಎಂದೆ. ಒಮ್ಮೆ ಹೂಂ ಎಂದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಊರಿನ ಹೆಸರನ್ನು ಖಾಲಾ ಎರಡು ಸಲ ಹೇಳಿಸಿದರು. ಅದು ಅವರ ತವರೂರು. ಅಪ್ಪ ಒಪ್ಪದ, ಬೇರೆ ದೇಶದ ಹುಡುಗನನ್ನು ಮದುವೆಯಾಗಿ ಲಂಡನ್ನಿಗೆ ಬಂದವರು, ಮೂವತ್ತು ವರ್ಷ ಮೀರಿದ್ದರೂ ಒಮ್ಮೆಯೂ ಆ ಹೊಸ್ತಿಲು ತುಳಿದಿರಲಿಲ್ಲ. ಫೋನ್ ಮಾಡಿದರೆ ಆ ಕಡೆಯಿಂದ ಇಟ್ಟುಬಿಡುತ್ತಿದ್ದರಂತೆ. ಅಪ್ಪ ತೀರಿಹೋದ ಸುದ್ದಿ ಯಾರಿಂದಲೋ ತಿಳಿದಿತ್ತು. ಮುದಿ ತಾಯಿ, ಕಿರಿಯ ತಂಗಿಯ ಜೊತೆ ಅದೇ ಮನೆಯಲ್ಲಿದ್ದಳು.

"ನಿನಗ ಎಲ್ಲಾ ನಾ ಕಲಸ್ತೀನಿ" ಎಂದರು ಖಾಲಾ. "ಒಂದ ಕೆಲಸ ಮಾಡಿ ಬಾ. ನಾ ಬಂದ್ರ ಬಾಗಲಾ ತಗೀತಾರೋ ಇಲ್ಲೋ, ಕೇಳ್ಕೊಂಡು ಬಾ. ನಮ್ಮವ್ವ ಸಾಯೂದರೊಳಗ ಒಮ್ಮೆ ನೋಡಬೇಕು."

ಮರುದಿನದಿಂದಲೇ ಪಾಠ. ಡ್ಯೂಟಿ ಮುಗಿಸಿ ಬಂದರೆ ಅವರ ಮುಂದಿನ ಕೋಣೆ ಒಂದು ದಿನ ವಿಮಾನ ನಿಲ್ದಾಣ, ಇನ್ನೊಂದು ದಿನ ಪೇಟೆ. ಟ್ಯಾಕ್ಸಿ ಎಂದರೆ ಎರಡು ಕುರ್ಚಿ, ಡ್ರೈವರು ಅವರೇ. ನಾನು ಲಂಡನ್ನಿನ ಅಭ್ಯಾಸದಂತೆ ಹರಟೆ ಹೊಡೆಯಲು ಹೊರಟರೆ ಬ್ರೇಕು. ಹಿಂದೆ ಕೂಡಬೇಕು, ಹೋಗಬೇಕಾದ ಜಾಗ ಹೇಳಬೇಕು, ಬಾಯಿ ಮುಚ್ಚಬೇಕು. ಪರ ಗಂಡಸರಿಗೆ ಕೈ ಚಾಚಬಾರದು. ಅವರು ಕೈ ಕುಲುಕದಿದ್ದರೆ ಅವಮಾನ ಎಂದುಕೊಳ್ಳಲೂಬಾರದು, ಎದೆಯ ಮೇಲೆ ಅಂಗೈ ಇಟ್ಟರೆ ಸಾಕು. ಎಡಗೈಯಲ್ಲಿ ಏನೂ ಕೊಡಬೇಡ ಎಂದಾಗ ನನಗೆ ನಗು ಬಂತು. ಅದನ್ನು ನಮ್ಮಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಮಗುವನ್ನು ಹೊಗಳಿದರೆ ಕೂಡಲೇ ಮಾಷಾ ಅಲ್ಲಾ ಅನ್ನಬೇಕು ಎಂದರು. ನಮ್ಮಲ್ಲಿ ದೃಷ್ಟಿ ತಾಕುತ್ತದಲ್ಲ, ಅದೇ ಭಯ. ಮನೆಯ ಸಾಮಾನನ್ನಂತೂ ಹೊಗಳಲೇಬಾರದು, ಎತ್ತಿ ಕೈಗೆ ಕೊಟ್ಟುಬಿಡುತ್ತಾರೆ.

ಕಪ್ಪು ನಿಲುವಂಗಿ ತೊಡಿಸಿ ಟ್ರಾಮಿಗೂ ಹತ್ತಿಸಿದರು. ಇಪ್ಪತ್ತು ವರ್ಷ ಸೀರೆ ಉಟ್ಟವಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ಮೊದಲ ಹೆಜ್ಜೆಗೇ ಅಂಚು ತುಳಿದು ಮುಗ್ಗರಿಸಿದೆ. ಯಾರದೋ ಚಿಪ್ಸ್ ಪೊಟ್ಟಣ ನೆಲಕ್ಕೆ ಬಿತ್ತು. ಜನ ನೋಡುತ್ತಿದ್ದರು. "ನೋಡಲಿ. ಇಳಿ, ಮತ್ತ ಹತ್ತು" ಎಂದರು ಖಾಲಾ. ಇಳಿದೆ, ಹತ್ತಿದೆ.

ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತಾರೆ, ಮೊದಲೇ ಕೊಂಡುಬಿಡು; ಕೇಳದೆ ಫೋಟೋ ತೆಗೆಯಬೇಡ; ಪಾಸ್‌ಪೋರ್ಟಿನ ಪ್ರತಿ ಸದಾ ಮೈಮೇಲಿರಲಿ... ಇವೆಲ್ಲ ಕಲಿಯಲು ಸುಲಭ. ಕಷ್ಟವಾದದ್ದು ಒಂದೇ. ಅವರ ತವರಿಗೆ ಹೋದರೆ ಬಂದ ಕಾರಣವನ್ನು ನಾನಾಗಿ ಹೇಳಕೂಡದು. ಅತಿಥಿಯನ್ನು ಏಕೆ ಬಂದೆ ಎಂದು ಅವರೂ ಬೇಗ ಕೇಳುವುದಿಲ್ಲ. ಉಂಡು, ಕುಡಿದು, ಮತ್ತೆ ಹೋಗಿ, ಅವರಾಗಿ ಕೇಳುವ ತನಕ ಕಾಯಬೇಕು. ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳಿಯೇ ಹೊಟ್ಟೆ ಹೊರೆಯುವವಳು ನಾನು. ಸುಮ್ಮನೆ ಕೂಡುವುದು ಹೇಗೆ?

"ನಾ ಮೂವತ್ತು ವರ್ಷ ಸುಮ್ಮ ಕೂತಿಲ್ಲೇನು?" ಎಂದರು.

ಹೋದ ಮೇಲೆ ನೋಡಿದರೆ ಖಾಲಾ ಕಲಿಸಿದ ಊರು ಅರ್ಧಕ್ಕರ್ಧ ಇರಲೇ ಇಲ್ಲ. ಅವರು ಗುರುತು ಹೇಳಿದ್ದ ಮಸಾಲೆ ಪೇಟೆ ಕಾರು ನಿಲ್ಲಿಸುವ ಜಾಗವಾಗಿತ್ತು. ಓಣಿಗಳನ್ನು ಒಡೆದು ಆರು ಸಾಲಿನ ರಸ್ತೆ ಹಾಕಿದ್ದರು. ಆದರೆ ಮನೆಯೊಳಗಿನ ರೀತಿ ರಿವಾಜು ಹಾಗೆಯೇ ಇತ್ತು. ಅರಬ್ಬಿ ಬಲ್ಲ ಮಲಯಾಳಿ ನರ್ಸ್ ಒಬ್ಬರನ್ನು ಕರೆದುಕೊಂಡು, ಆಸ್ಪತ್ರೆಯ ಕಾರಿನಲ್ಲಿ ಹುಡುಕಿ ಹುಡುಕಿ ಆ ಮನೆ ಮುಟ್ಟಿದೆ. ಖಾಲಾರ ಮೂಗನ್ನೇ ಹೊತ್ತ ತಂಗಿ ಬಾಗಿಲು ತೆಗೆದಳು. ಗುರುತು ಪರಿಚಯವಿಲ್ಲದ ನಮಗೆ ಕಾಫಿ, ಖರ್ಜೂರ, ಊಟ. ಏಕೆ ಬಂದಿರಿ ಎಂದು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಖರ್ಜೂರದ ಜೊತೆ ನುಂಗಿ ಎದ್ದು ಬಂದೆ.

ಎರಡನೆಯ ಭೇಟಿಯೂ ಹಾಗೆಯೇ ಹೋಯಿತು. ಮತ್ತೊಮ್ಮೆ ಹೋದಾಗ ಆಕೆಯೇ, ನಮ್ಮ ಮನೆ ನಿಮಗೆ ಹೇಗೆ ಗೊತ್ತು ಎಂದಳು. ಹೇಳಿದೆ. ಆಕೆಯ ಮುಖ ಕೆಂಪಾಯಿತು. ಇನ್ನು ಹೊರಗೆ ಹಾಕುತ್ತಾಳೆ ಎಂದು ಚೀಲ ಕೈಗೆತ್ತಿಕೊಂಡೆ. ಆಕೆ ದನಿ ಎತ್ತರಿಸಿ ಬೈಯತೊಡಗಿದಳು. ನರ್ಸು ತಡವರಿಸುತ್ತ ಇಂಗ್ಲಿಷಿಗೆ ತಂದರು. ನನಗೆ ಕೇಳಿಸಿದ್ದು ಹೀಗೆ:

"ಆಕೀಗೇನ ಕಾಲಿಲ್ಲೇನು? ಇಂಗ್ಲೆಂಡಿನಿಂದ ಡಾಕ್ಟರನ್ನ ಕಳಸ್ತಾಳ, ತಾ ಬರೂದಿಲ್ಲ! ಬಾಗಲಾ ಹಾಕಿದಾತ ಸತ್ತು ಎಷ್ಟೋ ವರ್ಷ ಆತು. ಅವ್ವನ ಕಣ್ಣು ಹೋಗ್ಯಾವ. ಕಿವಿ ಹೋಗೂದರೊಳಗ ಬಾ ಅನ್ರಿ."

ಲಂಡನ್ನಿಗೆ ಬಂದವಳೇ, ಸೂಟ್‌ಕೇಸನ್ನೂ ಒಳಗಿಡದೆ ಖಾಲಾರ ಬಾಗಿಲು ಬಡಿದು ಮಾತಿಗೆ ಮಾತು ಒಪ್ಪಿಸಿದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಸೋಫಾದಲ್ಲಿ ಕುಸಿದರು. ಮೊಣಕಾಲು ನೋವು ಎಂದರು. ಚಳಿಗಾಲ ಕಳೆಯಲಿ ಎಂದರು. ಈಗ ಅಲ್ಲಿ ದಾರಿ ಕೂಡ ತಿಳಿಯುವುದಿಲ್ಲ ಎಂದರು. ಜಗತ್ತಿಗೆಲ್ಲ ಧೈರ್ಯ ಹೇಳಿದ ಹೆಂಗಸು ಅವತ್ತು ಹೆದರಿದ್ದರು. ನನಗೆ ಸಿಟ್ಟು ಬಂತು.

"ಏಳ್ರಿ ಮ್ಯಾಲೆ" ಎಂದೆ. ಆ ಎರಡು ಕುರ್ಚಿಗಳನ್ನು ಎಳೆದು ಹಾಕಿದೆ. ಈ ಸಲ ಡ್ರೈವರು ನಾನು. ಅವರ ಊರಿಗೆ ಅವರಿಗೇ ನಾನು ದಾರಿ ಹೇಳಿದೆ: ವಿಮಾನ ನಿಲ್ದಾಣ ಊರ ಹೊರಗೆ ಹೋಗಿದೆ, ಹಳೆಯ ಪೇಟೆಯ ಹೆಸರು ಹೇಳಿದರೆ ಈಗಿನ ಡ್ರೈವರುಗಳಿಗೆ ತಿಳಿಯುವುದಿಲ್ಲ, ದೊಡ್ಡ ರಸ್ತೆ ದಾಟಲು ಸೇತುವೆ ಹತ್ತಬೇಕು. ವೀಸಾದ ಓಡಾಟ ತಂಗಿಯೇ ಮಾಡಿಸಿದಳು. ದಿನಾ ಸಂಜೆ ಅವರನ್ನು ಎಬ್ಬಿಸಿ, ನಡೆಸಿ, ಗದರಿಸಿ, ಕೊನೆಗೆ ಹೀಥ್ರೂ ತನಕ ತಂದು ನಿಲ್ಲಿಸಿದೆ. ಅಲ್ಲಿ ನನಗರಿವಿಲ್ಲದೆ ಅವರ ಕಾಲಿಗೆ ಬಗ್ಗಿದೆ. ಮನುಷ್ಯರಿಗೆ ಹಾಗೆ ಬಾಗಬಾರದು ಎಂಬುದು ಅವರ ಧರ್ಮ. "ಬ್ಯಾಡ ಮಗಳ" ಎಂದು ಅರ್ಧದಲ್ಲೇ ಹಿಡಿದೆತ್ತಿ ಹಣೆಗೆ ಮುತ್ತಿಟ್ಟು ಒಳಗೆ ಹೋದರು. ತಿರುಗಿ ನೋಡಲಿಲ್ಲ.

ತಾಯಿಗೆ ಕಿವಿ ಇನ್ನೂ ಕೇಳುತ್ತಿತ್ತು. ಮಗಳ ದನಿ ಕೇಳಿ ಮೊದಲು ಬೈದಳಂತೆ, ಇಷ್ಟು ತಡವೇ ಎಂದು. ಫೋನಿನಲ್ಲಿ ಅದನ್ನು ಹೇಳುವಾಗ ಖಾಲಾ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಮುದುಕಿಯ ಸೇವೆಗೆಂದು ಅಲ್ಲೇ ಉಳಿದರು. ಆಕೆ ಹೋದ ಮೇಲೂ ಬರಲಿಲ್ಲ. ಫ್ಲ್ಯಾಟು ಬಿಟ್ಟುಕೊಟ್ಟರು. ನಾನು ಮತ್ತೆ ಅವರನ್ನು ನೋಡಲಿಲ್ಲ. ಕಳಿಸಿದವಳು ನಾನೇ ತಾನೆ, ಯಾರನ್ನು ದೂರಲಿ...

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ತಂಗಿಯ ಫೋನು. ಅಕ್ಕನಿಂದ ಕಲಿತ ಎರಡು ಇಂಗ್ಲಿಷ್ ಮಾತಿನಲ್ಲಿ ಸುದ್ದಿ ಹೇಳಿದಳು. ಮದುವೆ ಮನೆಯಲ್ಲಿ, ಬಾಣಂತಿಯ ಮನೆಯಲ್ಲಿ ಏನು ಹೇಳಬೇಕೆಂದು ಖಾಲಾ ಕಲಿಸಿದ್ದರು. ಅವರೇ ಸತ್ತ ಮನೆಗೆ ಏನು ಹೇಳಬೇಕೆಂದು ಕಲಿಸಿರಲಿಲ್ಲ. ನಾನು ಅಳುತ್ತಾ ಕನ್ನಡದಲ್ಲೇ ಹೇಳುತ್ತಾ ಹೋದೆ. ಆಕೆ ಅರಬ್ಬಿಯಲ್ಲಿ ಹೇಳುತ್ತಾ ಹೋದಳು. ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.

ನಾನೀಗ ರಿಟೈರಾಗಿದ್ದೇನೆ. ಇಲ್ಲೇ ಹತ್ತಿರದ ಪಿನ್ನರ್‌ನಲ್ಲಿರುವ ಪರಿಚಯದ ಹುಡುಗಿಯೊಬ್ಬಳು, ಡಾಕ್ಟರು, ಅದೇ ಊರಿಗೆ ಹೊರಟಿದ್ದಾಳೆ. ವಾರಕ್ಕೊಮ್ಮೆ ಬರುತ್ತಾಳೆ, ನಾನು ಬಿಡದೆ ಕಲಿಸುತ್ತಿದ್ದೇನೆ. ಮೊನ್ನೆ ಅವಳು, "ಆಂಟಿ, ಅಲ್ಲಿ ನಿಮಗೋಸ್ಕರ ಏನಾದ್ರೂ ಮಾಡ್ಬೇಕಾ? ಅವ್ರ ಸಮಾಧಿಗೆ ಹೋಗಿ ಬರ್ಲಾ?" ಎಂದಳು. ಅಲ್ಲಿ ಹೆಂಗಸರು ಗೋರಿಯ ತನಕ ಹೋಗುವಂತಿಲ್ಲ ಎಂದೆ. ಹೋದರೂ ಯಾರದು ಯಾವುದೆಂದು ತಿಳಿಯುವುದಿಲ್ಲ. ಬರಿ ಮಣ್ಣು, ಒಂದು ಕಲ್ಲು. ಅದರ ಮೇಲೆ ಹೆಸರು ಬರೆಯುವ ಪದ್ಧತಿ ಅವರ ಊರಿನಲ್ಲಿಲ್ಲ.

ಅದಕ್ಕೇ ನಾನೂ ಇಲ್ಲಿ ಬರೆದಿಲ್ಲ.