ಭಾವ ಕಲಸಿದ ಮದ್ದು

ಮಂಜೇಶ್ವರದಲ್ಲಿ ಕೊಂಡ ಹಳೆಯ ಫೈಬರ್ ಮೋಟಾರು ದೋಣಿಯನ್ನು ಮನೆಯಂಗಳದಲ್ಲಿಟ್ಟು ನಾನೇ ದುರಸ್ತಿ ಮಾಡುತ್ತಿದ್ದೆ. ತಳದಲ್ಲಿ ಅಂಗೈಯಗಲದ ಒಂದು ತೂತು ಮಾತ್ರ ಉಳಿದಿತ್ತು. ಅದನ್ನು ಮುಚ್ಚಿದರೆ ಭಾನುವಾರ ಹೊಳೆಗಿಳಿಸಬಹುದು. ತೂತಿಗೆ ಮೆತ್ತುವ ಅಂಟು, ರೆಸಿನ್, ಇದ್ದದ್ದು ಒಂದೇ ಡಬ್ಬಿ. ಗಟ್ಟಿ ಮಾಡುವ ದ್ರವ ಬೆರೆಸಿದ ಮೇಲೆ ಅದು ಬೇಗ ಕಲ್ಲಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು.

ಪೆರ್ಲದಿಂದ ಸಹಾಯಕ್ಕೆ ಬಂದ ಭಾವ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದರಲ್ಲಿ ಪಳಗಿದವರು. ನಾನು ತೂತಿನ ಅಂಚು ಉಜ್ಜಿ ತಿರುಗುವಷ್ಟರಲ್ಲಿ ಅವರು ಇಡೀ ಡಬ್ಬಿಯನ್ನು ಬಕೆಟಿಗೆ ಸುರಿದು, ದ್ರವ ಹಾಕಿ ಕಲಸಿಯಾಗಿತ್ತು.

“ಎಂತ ಭಾವ, ಎಲ್ಲ ಒಟ್ಟಿಗೇ?”

“ಮತ್ತೆ? ಮದ್ದು ಒಟ್ಟಿಗೇ ಮಾಡಿಡುವುದು ಮಾರಾಯ. ಲೋಟದಲ್ಲಿ ಕಲಸಲಿಕ್ಕೆ ಇದೆಂತ ಕಷಾಯವಾ?”

ಅಡಿಕೆಯ ಮದ್ದಿನಲ್ಲಿ ಮೈಲುತುತ್ತಿಗೆ ಸುಣ್ಣ ಸಾಲದಿದ್ದರೆ ಅದ್ದಿದ ಚೂರಿ ಕೆಂಪಾಗುತ್ತದೆ. ಅದನ್ನು ನೋಡುವ ಕ್ರಮದಲ್ಲೇ ಅವರು ಇಲ್ಲಿಯೂ ಚೂರಿ ಅದ್ದಿ, ಎತ್ತಿ ಹಿಡಿದರು.

“ಅಲಗು ಕೆಂಪಾಗಲಿಲ್ಲ. ಹದ ಸರಿ ಉಂಟು,” ಎಂದು ಅದನ್ನು ಮತ್ತೆ ಬಕೆಟಿಗೇ ಊರಿದರು.

ಬಕೆಟ್ ಬಿಸಿಯಾಗಿ ಹೊಗೆಯಾಡಿತು. ನಾನು ಬಟ್ಟೆ, ಬ್ರಷ್ಷು ಹುಡುಕಿ ತರುವಾಗ ಚೂರಿ ಅಲ್ಲಾಡುತ್ತಿರಲಿಲ್ಲ.

“ಒಳ್ಳೆ ಬಲದ ಮದ್ದು,” ಎಂದರು ಭಾವ, ಎರಡೂ ಕೈಯಲ್ಲಿ ಅದನ್ನು ಎಳೆಯುತ್ತಾ.

ಭಾನುವಾರ ನಾವು ಹೊಳೆಗೆ ಹೋಗಲಿಲ್ಲ. ದೋಣಿಯ ತೂತು ಈಗಲೂ ಹಾಗೆಯೇ ಉಂಟು. ತಳವೆಲ್ಲ ಕಲ್ಲಾದ ಆ ಬಕೆಟಿಗೆ ಮಾತ್ರ ಇನ್ನು ಯಾವ ಸಮುದ್ರದ ಹೆದರಿಕೆಯೂ ಇಲ್ಲ.